ಮುಸುರೆ ನೀರಿನ ಮಲ್ಲಿಗೆ

ನಮ್ಮ ಹಿತ್ತಲಿನ ಸುದ್ದಿ ಬಂದಾಗ ಯಾರಾದರೂ "ಎಷ್ಟು ಚಂದ ಇದ್ದಿರಬೇಕು" ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಚಂದ ಇತ್ತು, ಇಲ್ಲ ಅನ್ನುವುದಿಲ್ಲ. ರಾಯಚೂರಿನ ಬೇಸಿಗೆಯಲ್ಲಿ, ಕೋಟೆ ಗುಡ್ಡದ ಕಲ್ಲುಗಳು ಹೊತ್ತು ಮುಳುಗಿದರೂ ಕಾವು ಬಿಡದ ದಿನಗಳಲ್ಲಿ, ನಮ್ಮಲ್ಲಿ ಕಣಗಿಲೆ, ದಾಸವಾಳ, ಬಚ್ಚಲ ಕಡೆಗೆ ಸಂಜೆಮಲ್ಲಿಗೆ, ಮೂಲೆಯಲ್ಲಿ ಮರುಗ, ಎಲ್ಲದರ ಮೇಲೆ ಚಪ್ಪರದ ತುಂಬ ಮಲ್ಲಿಗೆ. ಓಣಿಯಲ್ಲಿ ಹಾಯುವವರು ಅರೆಗಳಿಗೆ ನಿಂತು ವಾಸನೆ ಎಳೆದುಕೊಂಡು ಪುಣ್ಯವಂತರ ಮನೆ ಅಂತ ಹೊಗಳಿ ಹೋಗುತ್ತಿದ್ದರು. ಒಳಗೆ ನಡೆಯುತ್ತಿದ್ದ ಕಾಳಗ ಅವರಿಗೇನು ಗೊತ್ತು? ಆ ಹೂವಿನ ಕಾಲಕ್ಕೇ ನಮ್ಮ ಮನೆಯಲ್ಲಿ ಹಲ್ಲು ಕಡಿಯುವುದು ಜಾಸ್ತಿಯಾಗುತ್ತಿತ್ತು.

ಅಜ್ಜಿ ಇರುವತನಕ ಮನೆ ಒಂದೇ ಇತ್ತು. ಅವಳು ಹೋದ ಮೇಲೆ ದೊಡ್ಡಪ್ಪ ಮತ್ತು ಅಪ್ಪ ಪಾಲಾದರು. ದೊಡ್ಡಪ್ಪ ಪ್ರಾಣದೇವರ ಗುಡಿಯಲ್ಲಿ ಪೂಜೆ ಮಾಡುವವನು; ಅಪ್ಪ ಕಚೇರಿಯಲ್ಲಿ ಉರ್ದು ಕಾಗದ ಬರೆಯುವ ಮುನ್ಶಿ. ದೇವರ ಮನೆ, ಅಡುಗೆಮನೆ, ಬಾವಿ ಮೂರೂ ದೊಡ್ಡಪ್ಪನ ಕಡೆ ಹೋದವು, ಯಾಕೆಂದರೆ ದೇವರ ಕೆಲಸಕ್ಕೆ ಮಡಿನೀರು ಬೇಕು. ನಮ್ಮ ಪಾಲಿಗೆ ಪಡಸಾಲೆ ಬಂತು, ದನದ ಕೊಟ್ಟಿಗೆಯನ್ನು ತಿದ್ದಿ ಮಾಡಿದ ಅಡುಗೆಮನೆ ಬಂತು, ಅಪ್ಪನಿಗೆ ದೊಡ್ಡ ಮನಸ್ಸಿನವನು ಅನ್ನುವ ಹೆಸರು ಬಂತು. ಆ ಹೆಸರಿನಲ್ಲಿ ಅಡುಗೆ ಮಾಡಲಾಗುವುದಿಲ್ಲ ಅಂತ ಅವ್ವ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಗೊಣಗುತ್ತಿದ್ದಳು.

ಹಿತ್ತಲಿನ ನಡುವೆ ಎದೆಮಟ್ಟದ ಮಣ್ಣಿನ ಗೋಡೆ ಎದ್ದಿತು. ಹಾಕಿಸಿದ ಗಂಡಸರು ಮಲ್ಲಿಗೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದರ ಬುಡ ನಮ್ಮ ಕಡೆ ಉಳಿಯಿತು. ಬಳ್ಳಿ ಗೋಡೆ ಹತ್ತಿ ದಾಟಿ ದೊಡ್ಡಮ್ಮನ ಚಪ್ಪರ ಏರಿಬಿಟ್ಟಿತ್ತು. ಬುಡ ನಮ್ಮದು, ಹೂವು ಅವರದು, ನೀರು ಅವರ ಬಾವಿಯದು. ದೊಡ್ಡಮ್ಮ ದಿನಾ ಬೆಳಗ್ಗೆ ಒದ್ದೆ ಸೀರೆಯಲ್ಲೇ ನೀರು ಸೇದಿ ಒಂದು ಸಣ್ಣ ಕಾಲುವೆಗೆ ಸುರಿಯುತ್ತಿದ್ದಳು. ಗೋಡೆಯ ಬುಡದಲ್ಲಿ ಬಿಟ್ಟಿದ್ದ ತೂತಿನಿಂದ ಆ ನೀರು ನಮ್ಮ ಕಡೆ ಹರಿದು ಬಳ್ಳಿಯ ಬೇರಿಗೆ ಸೇರುತ್ತಿತ್ತು. ದೇವರಿಗೆ ಏರುವ ಹೂವಿನ ಗಿಡಕ್ಕೆ ಮಡಿನೀರೇ ಆಗಬೇಕು, ಬಚ್ಚಲ ನೀರು ತಾಗಬಾರದು ಅನ್ನುವುದು ಅವಳ ಕಟ್ಟಳೆ. ಹೊತ್ತು ಇಳಿಯುವ ಮುಂಚೆ ಮೊಗ್ಗು ಬಿಡಿಸಿ, ಮಾಲೆ ಕಟ್ಟಿ, ಸಂಜೆಯ ಪೂಜೆಗೆ ದೊಡ್ಡಪ್ಪನ ಕೈಗೆ ಕೊಡುತ್ತಿದ್ದಳು.

ಉಳಿದ ಒಂದು ಹಿಡಿ ಮೊಗ್ಗನ್ನು ಗೋಡೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಅದು ನಮಗೆ, ಅಂದರೆ ನಾವು ಮೂವರು ಹೆಣ್ಣುಮಕ್ಕಳಿಗೆ. ಕೈಗೆ ಕೊಟ್ಟದ್ದಿಲ್ಲ, ಕರೆದದ್ದಿಲ್ಲ. ಭಿಕ್ಷೆ ಹಾಕಿದ ಹಾಗೆ ಇಟ್ಟು ಬೆನ್ನು ತಿರುಗಿಸುವುದು. ಅವಳಿಗೂ ಅವ್ವನಿಗೂ ಮಾತು ನಿಂತು ವರ್ಷಗಳಾಗಿದ್ದವು. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಗೋಡೆಗೆ, ಕಾಗೆಗೆ, ಓಣಿಯ ಬೆಕ್ಕಿಗೆ ಗಟ್ಟಿಯಾಗಿ ಹೇಳುತ್ತಿದ್ದರು. ಬೆಕ್ಕಿಗೆ ಬುದ್ಧಿ ಇದ್ದಿದ್ದರೆ ನಮ್ಮ ಮನೆತನದ ಚರಿತ್ರೆಯನ್ನೆಲ್ಲ ಅದೇ ಬರೆಯುತ್ತಿತ್ತು.

ನಾನು ಹೇಳುತ್ತಿರುವುದು ಯುದ್ಧ ನಡೆಯುತ್ತಿದ್ದ ಕಾಲದ ಒಂದು ಬೇಸಿಗೆ. ಸೀಮೆಎಣ್ಣೆಗೂ ಸಕ್ಕರೆಗೂ ಪರದಾಟ. ಆ ವರ್ಷ ಚೈತ್ರದಿಂದಲೇ ದೊಡ್ಡಮ್ಮ ಗೋಡೆಯ ಮೇಲೆ ಮೊಗ್ಗು ಇಡುವುದನ್ನು ನಿಲ್ಲಿಸಿದಳು. ಒಂದೂ ಇಲ್ಲ. ಎಲ್ಲ ಗುಡಿಗೆ. ಕಾರಣ ಯಾರಿಗೂ ತಿಳಿಯಲಿಲ್ಲ. ನನಗೆ ಆಗ ಹನ್ನೆರಡು ತುಂಬುವುದರಲ್ಲಿತ್ತು, ಜಡೆ ಸೊಂಟಕ್ಕೆ ಬಂದಿತ್ತು, ಆ ಜಡೆಗೆ ಹೂವಿಲ್ಲ. ಒಂದು ಮಧ್ಯಾಹ್ನ ಒಗೆಯುವ ಕಲ್ಲಿನ ಮೇಲೆ ನಿಂತು, ಗೋಡೆಯ ಮೇಲೆ ಬಗ್ಗಿ, ಕೈಗೆ ಎಟುಕಿದಷ್ಟು ಬಿಡಿಸಿ ದಂಡೆ ಕಟ್ಟಿ ಮುಡಿದುಕೊಂಡೆ. ಅದರಲ್ಲಿ ತಪ್ಪೇನಿತ್ತೋ ನನಗೆ ಆಗಲೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ಸಂಜೆ ಬಾಗಿಲಲ್ಲಿ ಆಡುತ್ತಿದ್ದಾಗ ದೊಡ್ಡಮ್ಮ ಹಿಂದಿನಿಂದ ಬಂದು ಜಡೆಗೆ ಕೈ ಹಾಕಿದಳು.

"ದೇವರ ಹೂವಿಗೆ ಕೈ ಹಚ್ಚೀಯೇನ ಭಂಡಿ! ದೇವರಿಗಿಂತ ಮುಂಚೆ ಮುಡಕೊಳ್ಳಲಿಕ್ಕೆ ನೀ ಯಾವ ಸೀಮಿ ರಾಣಿ?"

ದಂಡೆಯನ್ನು ಕಿತ್ತಳು. ಅದರ ಜೊತೆ ಕೂದಲೂ ಬಂತು. ನೋವಿಗಿಂತ ಹೆಚ್ಚು, ಎದುರು ಮನೆಯ ಹುಡುಗಿಯರು ನಕ್ಕದ್ದು ನನ್ನನ್ನು ಸುಟ್ಟಿತು. ಅವ್ವ ಹೊರಗೆ ಬಂದು ನನ್ನ ತಲೆ ಸವರಿ ನೋಡಿದಳು. ಕಟ್ಟೆಯ ಮೇಲೆ ಮಲಗಿದ್ದ ಬೆಕ್ಕಿನ ಕಡೆ ತಿರುಗಿದಳು.

"ನೋಡವಾ, ಬುಡ ನಮ್ಮ ಹಿತ್ತಲದಾಗ ಅದ. ಕೂಸಿನ ತಲ್ಯಾಗ ನಾಕು ಮೊಗ್ಗು ಇಟ್ಟರ ಇವರ ದೇವರಿಗೆ ಕಡಿಮಿ ಬೀಳತಾವಂತ. ಅಂಥಾ ದೇವರು ಎಷ್ಟು ಬಡವ ಇರಬೇಕು!"

ದೇವರನ್ನು ಬಡವ ಅಂದದ್ದು ಅತಿಯಾಯಿತು. ಮರುದಿನ ಬೆಳಗ್ಗೆ ದೊಡ್ಡಮ್ಮ ಗೋಡೆಯ ತೂತಿಗೆ ಒಂದು ಕಲ್ಲು ಜಡಿದು ಮೇಲೆ ಹಸಿಮಣ್ಣು ಮೆತ್ತಿದಳು. ಬೇಕಾದಾಗ ಒಂದು ಕೊಡ ಗೋಡೆಯ ಮೇಲಿನಿಂದ ಸುರಿಯುವ ಯೋಚನೆ ಇತ್ತೇನೋ. ಸುರಿದರೆ ಅದು ನಮ್ಮ ನೆಲದಲ್ಲಿ ಬೀಳುತ್ತದಲ್ಲ, ಅದಕ್ಕೂ ಮನಸ್ಸು ಬರಲಿಲ್ಲ. ಬಿಸಿಲು ಅವಳ ಮನಸ್ಸಿಗಾಗಿ ಕಾದು ಕೂರಲಿಲ್ಲ. ಎರಡು ದಿನಕ್ಕೆ ಎಲೆಗಳು ಕಳೆಗುಂದಿ ಜೋತುಬಿದ್ದವು.

ಅವ್ವ ಅದನ್ನು ನೋಡಿ ಸುಮ್ಮನಿರುವವಳಲ್ಲ. ಊಟವಾದ ಮೇಲೆ ಅನ್ನದ ತಪ್ಪಲೆ, ಸಾರಿನ ಪಾತ್ರೆ ತೊಳೆದ ನೀರನ್ನು ಒಂದು ಗಡಿಗೆಯಲ್ಲಿ ಶೇಖರಿಸಿ ಪಕ್ಕದ ಮನೆಯ ಎಮ್ಮೆಗೆ ಕೊಡುವುದು ವಾಡಿಕೆ. ಅವತ್ತು ಗಡಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಬಂದಳು. ದೊಡ್ಡಮ್ಮ ಆ ಕಡೆ ಸಂಡಿಗೆ ಒಣಗಿಸುತ್ತಿದ್ದಳು. ಅವಳು ತಲೆ ಎತ್ತುವತನಕ ಅವ್ವ ಕಾದಳು.

"ಮುಸುರಿ ನೀರು! ಅನ್ನದ ಅಗಳ ಸಮೇತ ಅದ!" ಅಂತ ಕಾಗೆಗೆ ಕೂಗಿ ಹೇಳಿ, ಗಡಿಗೆಯನ್ನು ಮಲ್ಲಿಗೆಯ ಬುಡಕ್ಕೆ ಬೋರಲು ಹಾಕಿದಳು. "ಇನ್ನ ಏರಸಲಿ, ಯಾವ ದೇವರಿಗೆ ಏರಸ್ತಾರೋ ನೋಡತೀನಿ."

ಹೊರಗಿನವರಿಗೆ ಇದು ನಗೆ ಬರಿಸಬಹುದು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಏಟು ಇರಲಿಲ್ಲ. ಬೆಂದ ಅನ್ನ ತಾಗಿದ ನೀರು ಮುಸುರೆ; ಅದು ತಾಗಿದ್ದೆಲ್ಲ ಮುಸುರೆ; ಅದನ್ನು ಕುಡಿದ ಗಿಡದ ಹೂವು ಪ್ರಾಣದೇವರ ಹತ್ತಿರ ಸುಳಿಯುವಂತಿಲ್ಲ. ಅವ್ವ ದೊಡ್ಡಮ್ಮನಿಂದ ಹೂವು ಕಸಿಯಲಿಲ್ಲ, ಬಳ್ಳಿ ಕಡಿಯಲಿಲ್ಲ. ಅಷ್ಟೂ ಹೂವನ್ನು ಅವಳ ಚಪ್ಪರದ ಮೇಲೆಯೇ ಬಿಟ್ಟು ನಿರುಪಯೋಗಿ ಮಾಡಿದಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಬಳ್ಳಿಗೆ ಮಡಿ ಮೈಲಿಗೆ ಎಲ್ಲಿ ತಿಳಿಯಬೇಕು? ದಿನಾ ಗಡಿಗೆಗಟ್ಟಲೆ ಮುಸುರೆ ಕುಡಿದು, ಬಾವಿನೀರಿನಲ್ಲಿ ಎಂದೂ ಬಿಡದಷ್ಟು ಮೊಗ್ಗು ಬಿಟ್ಟಿತು. ದೊಡ್ಡಮ್ಮ ಇನ್ನು ಆ ಕಡೆ ತಿರುಗಿಯೂ ನೋಡುವುದಿಲ್ಲ ಅಂದುಕೊಂಡಿದ್ದೆವು. ನೋಡಿದಳು. ಬಿಡಿಸಿದಳು. ತಾಮ್ರದ ತಂಬಿಗೆಯಲ್ಲಿ ಬಾವಿನೀರು ತುಂಬಿ ಒಂದೊಂದೇ ಮೊಗ್ಗನ್ನು ಅದರಲ್ಲಿ ಅದ್ದಿ ತೆಗೆದು, ಮೊದಲಿನ ಹಾಗೇ ಮಾಲೆ ಕಟ್ಟಿದಳು. ಗುಡಿಯಿಂದ ಬಂದ ದೊಡ್ಡಪ್ಪ ಏನೂ ತಿಳಿಯದೆ ಮಾಲೆ ತೆಗೆದುಕೊಂಡು ಹೋದ.

ಗೋಡೆಯ ಮರೆಯಿಂದ ನೋಡುತ್ತಿದ್ದ ಅವ್ವನ ಮುಖ ಅರಳಿತು.

"ನೋಡಿದಿಲ್ಲೋ? ಮಡಿ ಅನ್ನೋದು ಇವರಿಗೆ ಬಾಯಾಗಷ್ಟ."

ಓಣಿಯಲ್ಲಿ ಒಂದು ಮಾತು ಆಡಿದರೆ ಸಾಕಿತ್ತು, ದೊಡ್ಡಪ್ಪನ ಪೂಜೆಯ ಕೆಲಸಕ್ಕೇ ಕುತ್ತು ಬರುತ್ತಿತ್ತು. ಆ ಮಾತನ್ನು ಅವ್ವ ಎಲೆ ಅಡಿಕೆಯ ಹಾಗೆ ದವಡೆಯಲ್ಲಿ ಒತ್ತಿಟ್ಟುಕೊಂಡು ಓಡಾಡಿದಳು. ಉಗುಳಲಿಲ್ಲ, ನುಂಗಲೂ ಇಲ್ಲ.

ಇಷ್ಟರಲ್ಲಿ ದೇವದುರ್ಗದಿಂದ ಅಕ್ಕ ಬಂದಳು. ದೊಡ್ಡಮ್ಮನ ಒಬ್ಬಳೇ ಮಗಳು. ಇದ್ದಿಲ ಗ್ಯಾಸಿನ ಬಸ್ಸು ದಾರಿಯಲ್ಲಿ ಎಲ್ಲಿ ಬೇಕಾದರೂ ನಿಲ್ಲುತ್ತಿದ್ದ ಕಾಲವಾದ್ದರಿಂದ ತುಂಬಿದ ಬಸುರಿಯನ್ನು ಕಮಾನು ಕಟ್ಟಿದ ಬಂಡಿಯಲ್ಲಿ ಕಳಿಸಿದ್ದರು. ಹಿಂದಿನ ವರ್ಷ ಅವಳಿಗೆ ಒಂದು ಕೂಸು ಹುಟ್ಟುತ್ತಲೇ ಹೋಗಿತ್ತು. ಆ ಮನೆಯಲ್ಲಿ ನಾನು ಪ್ರೀತಿಸಿದ್ದು ಅವಳೊಬ್ಬಳನ್ನೇ. ಗೋಡೆಯನ್ನು ಗೋಡೆ ಅಂತ ಲೆಕ್ಕಿಸದವಳೂ ಅವಳೊಬ್ಬಳೇ. ಬಂದ ಮರುದಿನವೇ ಆ ಕಡೆಯಿಂದ ಕರೆದಳು, ನಾನು ಕಲ್ಲಿನ ಮೇಲೆ ಬೆನ್ನು ಮಾಡಿ ನಿಂತೆ, ಗೋಡೆಯ ಮೇಲಿನಿಂದಲೇ ನನ್ನ ತಲೆ ಬಾಚಿದಳು.

"ನಿನಗ ಒಂದು ಮೊಗ್ಗೂ ಮುಡಿಸಲಿಕ್ಕೆ ಆಗವಲ್ದು ನೋಡು," ಅಂದಳು. "ನಮ್ಮವ್ವ ಹರಕಿ ಹೊತ್ತಾಳ. ನಮ್ಮ ಮನಿ ಬಳ್ಳಿದೇ ಹೂವಿನ ಮಾಲಿ, ನಾ ಹಡಿಯೋತನಕ ಒಂದು ದಿನಾನೂ ತಪ್ಪದಂಗ ಪ್ರಾಣದೇವರಿಗೆ. ಗಂಡಾಗಲಿ ಅಂತ."

"ಗಂಡು ಆಗಲಿಲ್ಲಂದ್ರ?"

"ನಮ್ಮ ಅತ್ತಿ ಇನ್ನೊಬ್ಬಾಕಿನ್ನ ತರತಾಳ."

"ನಿನಗ ಗಂಡು ಕೂಸೇ ಬೇಕೇನು?"

ಬಾಚಣಿಗೆ ನಿಂತಿತು. "ನನಗ ಅಳೋದು ಕೇಳಿದ್ರ ಸಾಕವಾ. ಮೊದಲನೇದು ಅಳಲೇ ಇಲ್ಲ."

ನಾನು ಅದನ್ನು ಅವ್ವನಿಗೆ ಹೇಳಬೇಕೋ ಬೇಡವೋ ಅಂತ ತೂಗುತ್ತಿರುವಾಗಲೇ ಮಾನ್ವಿಯಿಂದ ಸೋದರಮಾವ ಮಾವಿನಹಣ್ಣಿನ ಬುಟ್ಟಿ ಹೊತ್ತು ಬಂದ. ಅವ್ವನ ತವರು ಮಾನ್ವಿ. ಕೈಕಾಲು ತೊಳೆದು ಕೂತವನೇ, ದೇವದುರ್ಗದವರು ಮಾನ್ವಿಯಲ್ಲಿ, ತಮ್ಮ ಓಣಿಯಲ್ಲೇ, ಒಂದು ಹುಡುಗಿಯನ್ನು ನೋಡಿ ಹೋದ ಸುದ್ದಿ ತೆಗೆದ.

"ಗಂಡು ಹುಟ್ಟಿದರ ಈ ಮಾತು ಇಲ್ಲಿಗೇ ಬಿಡ್ರಿ, ಇಲ್ಲಾಂದ್ರ ಆಷಾಢ ಬರೋದರೊಳಗ ಲಗ್ನ ಮಾಡೋಣು ಅಂದಾರಂತ. ಹುಡುಗಿ ಕಡೆಯವರೂ ಹೂಂ ಅಂದಾರ."

ಅವ್ವ ಹಣ್ಣು ಹೆಚ್ಚುತ್ತಿದ್ದವಳು ಈಳಿಗೆಯಿಂದ ಕೈ ತೆಗೆದಳು. ಮಾವ ಹೋದ ಮೇಲೆ ನಾನು ಹರಕೆಯ ಮಾತು ಹೇಳಿದೆ. ಅವಳು ಸಿಪ್ಪೆಗಳನ್ನು ಒಟ್ಟುಮಾಡಿ ಬುಟ್ಟಿಗೆ ಹಾಕಿದಳು.

"ಅಂದ್ರ ಮುಸುರಿ ಅಂತ ಗೊತ್ತಿದ್ದೂ ಏರಸ್ಯಾಳ," ಅಂದಳು. "ಮಗಳ ಸಲವಾಗಿ ಅದನ್ನೂ ನುಂಗ್ಯಾಳ."

ಮರುದಿನ ಬೆಳಕು ಹರಿಯುವಾಗ ಅವ್ವ ತಲೆಯ ಮೇಲೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲಿ ಓಣಿಯ ತುದಿಯ ಬಾವಿಗೆ ಹೋದಳು. ಯಾರಿಗೂ ಮೈ ತಾಗಿಸದೆ ಕೊಡ ಹೊತ್ತು ತಂದು ಮಲ್ಲಿಗೆಯ ಬುಡಕ್ಕೆ ಸುರಿದಳು. ಮುಸುರೆ ಗಡಿಗೆ ಮತ್ತೆ ಎಮ್ಮೆಯ ಪಾಲಾಯಿತು. ಬೇಸಿಗೆ, ಬಾವಿ ಆಳಕ್ಕೆ ಇಳಿದಿತ್ತು, ಹಗ್ಗ ಎಳೆದು ಎಳೆದು ಅವಳ ಅಂಗೈ ಸುಲಿದು ಹೋಯಿತು. ದಿನಾ ತಂದಳು. ದೊಡ್ಡಮ್ಮ ಏಳುವ ಮುಂಚೆ ತಂದು ಮುಗಿಸಿಬಿಡುತ್ತಿದ್ದಳು.

"ದೊಡ್ಡಮ್ಮಗ ಹೇಳಬಾರದೇನವ್ವಾ?" ಅಂದೆ.

"ಹೇಳಿದರ ಸೋತು ಬಂದಳು ಅಂತಾಳ. ನೀನೂ ಬಾಯಿ ಮುಚ್ಚಿಕೊಂಡಿರು."

ಇಲ್ಲಿ ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ. ಒಬ್ಬಳು ಮಡಿನೀರಿನ ಹೂವನ್ನು ಮುಸುರೆ ಅಂತ ತಿಳಿದು, ಕಣ್ಣೀರು ಹಾಕಿ, ಮೊಗ್ಗು ಮೊಗ್ಗು ತೊಳೆಯುತ್ತಿದ್ದಳು. ಇನ್ನೊಬ್ಬಳು ಗೋಡೆಯ ಈ ಕಡೆ ಅಂಗೈಗೆ ಎಣ್ಣೆ ಹಚ್ಚಿಕೊಂಡು ಅದನ್ನು ನೋಡುತ್ತಿದ್ದಳು. ಎದೆಮಟ್ಟದ ಗೋಡೆ. ಒಂದು ಮಾತು ದಾಟಿದ್ದರೆ ಇಬ್ಬರಿಗೂ ನಿದ್ದೆ ಬರುತ್ತಿತ್ತು. ಇಬ್ಬರೂ ಆ ಮಾತನ್ನು ಆಡಲಿಲ್ಲ, ಹಟ ಅನ್ನುವುದು ಇಬ್ಬರ ಮೈಯಲ್ಲೂ ರಕ್ತದ ಬದಲು ಹರಿಯುತ್ತಿತ್ತು.

ಅಕ್ಕ ಒಂದು ಬೆಳಗ್ಗೆ ಹಡೆದಳು. ಕೂಸಿನ ಅಳು ಕೇಳಿಸಿತು. ಎಂಥ ಅಳು ಅಂತೀರಿ! ಚಪ್ಪರದ ಮೇಲಿನ ಗುಬ್ಬಿಗಳೆಲ್ಲ ಹಾರಿಹೋದವು. ನನಗೆ ಅಕ್ಕನ ಮಾತು ನೆನಪಾಗಿ ಕಣ್ಣು ತುಂಬಿ ಬಂತು. ಅವ್ವ ಕೊಡ ಇಳಿಸಿ ಕೈ ಮುಗಿದು ನಿಂತಳು. ಆಮೇಲೆ ಆ ಕಡೆ ಯಾವ ಸಡಗರದ ಸದ್ದೂ ಆಗಲಿಲ್ಲ. ಹಂಚುವುದಕ್ಕೆಂದು ದೊಡ್ಡಮ್ಮ ಆ ಪರದಾಟದಲ್ಲೂ ಕೂಡಿಟ್ಟಿದ್ದ ಸಕ್ಕರೆ ಡಬ್ಬಿಯಿಂದ ಹೊರಗೆ ಬರಲಿಲ್ಲ. ಸೂಲಗಿತ್ತಿ ಹೋಗುವಾಗ ನಮ್ಮ ಬಾಗಿಲಲ್ಲಿ ನಿಂತು, ಸತ್ತವರ ಸುದ್ದಿ ಹೇಳುವ ದನಿಯಲ್ಲಿ ಹೇಳಿದಳು.

"ಹೆಣ್ಣು ನೋಡ್ರೆವ್ವಾ."

ತೊಟ್ಟಿಲು ಹಾಕುವ ದಿನ ಓಣಿಯ ಹೆಂಗಸರನ್ನು ಕರೆದರು, ನಮ್ಮನ್ನು ಕರೆಯಲಿಲ್ಲ. ಒಳಗಿನ ಸೆಕೆಗೆ ಕೂಡಲಾಗದೆ ತೊಟ್ಟಿಲನ್ನು ಮಲ್ಲಿಗೆ ಚಪ್ಪರದ ಕೆಳಗೇ ಕಟ್ಟಿದ್ದರು, ಸುತ್ತಲೂ ಮಲ್ಲಿಗೆ ಮಾಲೆ ಇಳಿಬಿಟ್ಟಿದ್ದರು. ಹರಕೆ ಮುಗಿದಿತ್ತಲ್ಲ, ಹೂವಿಗೆ ಈಗ ಬರವಿರಲಿಲ್ಲ. ಅವ್ವ ಗೋಡೆಯ ಈ ಕಡೆ ಕೆಲಸ ಇದ್ದವಳ ಹಾಗೆ ನಿಂತಿದ್ದಳು. ನಾನು ಒಗೆಯುವ ಕಲ್ಲಿನ ಮೇಲೆ ಹತ್ತಿದ್ದೆ, ತಂಗಿ ನನ್ನ ಲಂಗ ಹಿಡಿದು ನಿಂತಿದ್ದಳು. ಅಕ್ಕ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಮಣೆಯ ಮೇಲೆ ಕೂತಿದ್ದಳು. ದೇವದುರ್ಗದವರು ಬರಲಿ ಅಂತ ಎಲ್ಲರೂ ಕಾಯುತ್ತಿದ್ದರು.

ಬಂದದ್ದು ಒಬ್ಬ ಬಂಡಿಯವನು. ಅಕ್ಕನ ಸೀರೆ ಪೆಟ್ಟಿಗೆಯನ್ನು ಇಳಿಸಿ, ತಲೆ ತಗ್ಗಿಸಿ ನಿಂತ.

"ಅವ್ವಾರ ಸಾಮಾನು ಮುಟ್ಟಿಸಿ ಬಾ ಅಂದಾರ್ರಿ. ಅವರೆಲ್ಲಾ ಮಾನ್ವಿಗೆ ಹೊಂಟಾರ್ರಿ, ಲಗ್ನದ ಸಾಮಾನು ಹೊಂದಸಾಕತ್ತಾರ್ರಿ."

ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ದೊಡ್ಡಮ್ಮ ಒಂದು ಕ್ಷಣ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ತೊಟ್ಟಿಲಿಗೆ ಕಟ್ಟಿದ್ದ ಮಾಲೆಗಳನ್ನು ಎರಡೂ ಕೈಯಿಂದ ಹರಿದು, ಗೋಡೆಯ ಹತ್ತಿರ ಓಡಿ ಬಂದು ಅವ್ವನ ಮುಖಕ್ಕೆ ಎಸೆದಳು. ಅಷ್ಟು ವರ್ಷಗಳ ಮೇಲೆ ಬೆಕ್ಕು ಕಾಗೆ ಬಿಟ್ಟು ನೇರ ಅವ್ವನಿಗೇ ಮಾತಾಡಿದಳು.

"ತಗೋ ನಿನ್ನ ಮುಸುರಿ ಹೂವು! ನೀ ಮುಸುರಿ ಸುರುವಿದಿ, ಅದಕ್ಕ ಹೆಣ್ಣು ಹುಟ್ಟಿತು! ನನ್ನ ಮಗಳ ಬಾಳೇವು ಮುಳುಗಿಸಿದಿ, ಈಗ ತಣ್ಣಗಾತೇನು?"

ನಾನು ಅವ್ವನ ಕಡೆ ತಿರುಗಿದೆ. ನನ್ನ ಅವ್ವನ ಬಾಯಿ ಎಂಥದು ಅಂತ ನನಗೆ ಗೊತ್ತಿತ್ತು. ದೇವರನ್ನೇ ಬಡವ ಅಂದವಳು. ಹೆಣ್ಣಾದರ ಏನಾತು ಅಂತ ಅವಳು ಈಗ ಅನ್ನುತ್ತಾಳೆ, ಓಣಿಯ ಹೆಂಗಸರೆಲ್ಲ ಕೇಳುವ ಹಾಗೆ ಅನ್ನುತ್ತಾಳೆ ಅಂತ ಕಾದೆ. ಅಷ್ಟು ವಿಶ್ವಾಸದಿಂದ ಆಮೇಲೆ ನಾನು ಯಾರ ಮಾತಿಗೂ ಕಾದದ್ದಿಲ್ಲ.

ಅವ್ವ ಸುಲಿದ ಅಂಗೈಗಳನ್ನು ಗೋಡೆಯ ಮೇಲೆ ಚಾಚಿದಳು.

"ನೋಡ್ರಿ ವೈನಿ, ಈ ಕೈ ನೋಡ್ರಿ. ನಿಮ್ಮ ಹರಕಿ ತಿಳಿದ ದಿನದಿಂದ ಮಡೀಲೇ ನೀರು ತಂದು ಹಾಕೀನಿ. ಓಣಿ ಬಾವಿ ಕೇಳ್ರಿ ಬೇಕಾದರ. ಮೂರು ಹಡದಾಕಿ ನಾ. ಹೆಣ್ಣು ಹಡದಾಕಿ ಸಂಕಟ ಏನಂತ ನನಗ ಗೊತ್ತಿಲ್ಲೇನು? ಮೂರು ಸಲ ಉಂಡೀನಿ. ಅಂಥಾದ್ದನ್ನ ನಿಮ್ಮ ಮಗಳಿಗೆ ಬಯಸೇನೇನ್ರಿ ನಾ?"

ದೊಡ್ಡಮ್ಮ ಆ ಅಂಗೈಗಳನ್ನು ನೋಡಿದಳು. ಅವ್ವ ಯಾವತ್ತೂ ಆಡಿದ ಯಾವ ಮಾತನ್ನೂ ನಂಬದವಳು ಆ ಮಾತನ್ನು ನಂಬಿದಳು. ಗೋಡೆಯ ಮೇಲೆ ತಲೆ ಇಟ್ಟು ಅತ್ತಳು. ಅವ್ವ ಅವಳ ಬೆನ್ನು ಸವರಿದಳು, ತಾನೂ ಅತ್ತಳು. ಓಣಿಯ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡು, ಎಷ್ಟಾದರೂ ಒಂದೇ ಮನೆತನದವರಲ್ಲವೇ, ಕಷ್ಟಕ್ಕೆ ಒಂದಾದರು ಅಂದರು. ಅಕ್ಕ ಮಾತ್ರ ಅಳಲಿಲ್ಲ. ಕೂಸನ್ನು ಸೆರಗಿನ ಒಳಗೆ ಎಳೆದುಕೊಂಡು, ಇಬ್ಬರನ್ನೂ ನೋಡದೆ ಎದ್ದು ಒಳಗೆ ಹೋದಳು.

ನಾನು ಕಲ್ಲಿನಿಂದ ಇಳಿದೆ. ತಂಗಿ ನನ್ನ ಲಂಗ ಜಗ್ಗಿದಳು.

"ಅವ್ವ ಈಗ ಅಂದಳಲ್ಲ ಮೂರು ಸಲ ಅಂತ," ಅಂದಳು. "ಅದು ನಮಗ ಅಂದದ್ದೇನು?"

"ಹೂಂ," ಅಂದೆ. "ನಮಗ."